ಕಾಲೇಜ್ ಲೈಬ್ರರಿಗೆ ಎರಡು ಪೆಟ್ಟಿಗೆ ಹಳೇ ವಿಡಿಯೋ ಗೇಮ್ ಬಂದಿದೆ, ಹೆಂಗ್ ಇಟ್ಕೊಳ್ಳೋದು? (ಹಾಸನ)

ಹೇಮಾವತಿ_ದಡ
ಎಲ್ರಿಗೂ ನಮಸ್ಕಾರ. ನಾನು ಹಾಸನದ ಒಂದು ಕಾಲೇಜ್ ಲೈಬ್ರರೀಲಿ ಅಸಿಸ್ಟೆಂಟ್, ಹನ್ನೊಂದು ವರ್ಷ ಆಯ್ತು. ಹೋದ ತಿಂಗ್ಳು ನಮ್ಮ ಹಳೇ ಸ್ಟೂಡೆಂಟ್ ಒಬ್ರು ಆಟೋದಲ್ಲಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಕೌಂಟರ್ ಮುಂದೆ ಇಳಿಸಿದ್ರು. ಅವರ ತಂದೆ ಬಸ್ ಸ್ಟ್ಯಾಂಡ್ ಕಡೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ರಂತೆ, ಎಲ್ರ ಕೈಗೂ ಮೊಬೈಲ್ ಬಂದ್ಮೇಲೆ ಮುಚ್ಚಿದ್ರಂತೆ, ಈಗ ತಂದೆ ತೀರ್ಕೊಂಡಿದಾರೆ, ಗುಜರಿಯವನಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ ಮೇಡಂ ಅಂತ ಹೇಳಿ ನನ್ನ ಮುಖಾನೂ ನೋಡ್ದೆ ಹೊರಟೋದ್ರು.

ಒಳಗೆ ಏನೇನಿದೆ ಅಂದ್ರೆ ಎರಡು ಪ್ಲೇಸ್ಟೇಷನ್ 2 (ಟೀವಿಗೆ ಹಾಕಿ ಆಡೋ ಗೇಮ್ ಮಷೀನು, ಕನ್ಸೋಲ್ ಅಂತಾರೆ), ಒಂದು ಹಳೇ ಟಿವಿ ಗೇಮು ಅದರ ಬಂದೂಕದ ಜೊತೆ, ಮೂವತ್ತು ಗೇಮ್ ಕ್ಯಾಸೆಟ್, 140ರ ಮೇಲೆ ಡಿಸ್ಕು, ಆಟ ಎಲ್ಲಿಗೆ ಬಂತು ಅಂತ ಸೇವ್ ಮಾಡೋ ಐದು ಮೆಮೊರಿ ಕಾರ್ಡು, ಆಮೇಲೆ ಮೂರು ಲಾಂಗ್ ನೋಟ್‌ಬುಕ್. ಆ ನೋಟ್‌ಬುಕ್ ನೋಡಿ ನಾನು ಅರ್ಧ ಗಂಟೆ ಎದ್ದೇಳ್ಲಿಲ್ಲ. ಅಂಗಡಿಗೆ ಯಾವ ಹುಡುಗ ಎಷ್ಟೊತ್ತಿಗೆ ಬಂದ, ಯಾವ ಗೇಮ್ ಆಡ್ದ, ಎಷ್ಟು ಕೊಟ್ಟ, ಎಷ್ಟು ಬಾಕಿ ಎಲ್ಲಾ ಬರೆದಿಟ್ಟಿದಾರೆ, ದಿನದ ಲೆಕ್ಕ, ಕೈಬರಹ ಅಷ್ಟು ಚೆನ್ನಾಗಿದೆ.

ನಮ್ಮ ಲೈಬ್ರರಿಯನ್ ಮೇಡಂಗೆ ಇಟ್ಕೊಳ್ಳೋ ಆಸೆ. ಸ್ಟಾಫ್ ಮೀಟಿಂಗಲ್ಲಿ ಮಾತ್ರ ಇದು ಲೈಬ್ರರಿನೋ ಪಾರ್ಲರೋ ಅಂತ ಕೇಳಿದ್ರು. ನಂಗೆ ಮೂರು ವಿಷಯ ಗೊತ್ತಾಗ್ಬೇಕು. ಆಕ್ಸೆಷನ್ ರಿಜಿಸ್ಟರಲ್ಲಿ (ಲೈಬ್ರರಿಗೆ ಬಂದದ್ದನ್ನೆಲ್ಲಾ ನಂಬರ್ ಕೊಟ್ಟು ಬರೆಯೋ ಪುಸ್ತಕ) ಇದನ್ನ ಹೆಂಗ್ ಏರಿಸೋದು, ಕಾನೂನಲ್ಲಿ ತೊಂದರೆ ಇದೆಯಾ, ಮಳೆಗಾಲದಲ್ಲಿ ಇದು ಹಾಳಾಗ್ದೆ ಇರೋಕೆ ಏನ್ ಮಾಡ್ಬೇಕು. ಗೊತ್ತಿರೋರು ದಯವಿಟ್ಟು ಹೇಳಿ.

ಮೇಷ್ಟ್ರು_ಚನ್ನರಾಯಪಟ್ಟಣ
ಮೇಡಂ ಬೇಜಾರ್ ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ನಾನು ಕನ್ನಡ ಪಾಠ ಮಾಡೋನು. ನಾನಿರೋ ಕಾಲೇಜಲ್ಲಿ ಮೂರು ವರ್ಷದಿಂದ ಒಂದು ಹೊಸ ಕನ್ನಡ ಪುಸ್ತಕ ಬಂದಿಲ್ಲ, ಪಿಜಿ ಹುಡುಗ್ರು ಹಳಗನ್ನಡ ಪಠ್ಯಾನ ಜೆರಾಕ್ಸ್ ಮಾಡಿಸ್ಕೊಂಡು ಓದ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಂಗಾಗುತ್ತೆ. ಲೈಬ್ರರಿ ಶಾಸ್ತ್ರದ ರಂಗನಾಥನ್ ಅವರ ಐದು ಸೂತ್ರ ನೀವೂ ಓದಿರ್ತೀರ, ನಾಲ್ಕನೇದು ಓದುಗನ ಸಮಯ ಉಳಿಸಬೇಕು ಅಂತ. ಗೇಮ್ ಇಟ್ಟು ಯಾವ ಸಮಯ ಉಳಿಯುತ್ತೆ ಹೇಳಿ?

ಹಳೇಗೇಮ್_ಹಾಸನ
ಅಕ್ಕಾ ಒಂದ್ ನಿಮಿಷ, ಬಸ್ ಸ್ಟ್ಯಾಂಡ್ ಕಡೆ ಅಂದ್ರಲ್ಲ, ನೀಲಿ ಕರ್ಟನ್ ಹಾಕಿದ್ದ ಅಂಗಡಿನಾ? ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗ್ಬೇಕಿತ್ತು?

ಹೇಮಾವತಿ_ದಡ
ಕರ್ಟನ್ ನಂಗೊತ್ತಿಲ್ಲಪ್ಪ, ಕೇಳಿ ಹೇಳ್ತೀನಿ. ಮೇಷ್ಟ್ರೇ ನಿಮ್ಮ ಮಾತಲ್ಲಿರೋ ನೋವು ನಂಗೆ ಗೊತ್ತು, ನಮ್ಮಲ್ಲೂ ಬಜೆಟ್ ಕಥೆ ಅದೇನೆ. ಆದ್ರೆ ಈ ಪೆಟ್ಟಿಗೆಗೆ ಒಂದ್ ರೂಪಾಯಿ ಪುಸ್ತಕದ ದುಡ್ಡು ಹೋಗಲ್ಲ, ದಾನ ಬಂದಿರೋದು. ನಾಲ್ಕನೇ ಸೂತ್ರ ಹೇಳೋದು ಬೇಕಾದ್ದನ್ನ ಹುಡುಕೋಕೆ ಓದುಗ ಅಲೀಬಾರ್ದು ಅಂತ ಅಲ್ವಾ ಸರ್, ಓದೋಕೆ ಎಷ್ಟು ಹೊತ್ತು ತಗೋಬೇಕು ಅಂತ ಅವರೆಲ್ಲೂ ಹೇಳಿಲ್ಲ. ಐದನೇದು ಲೈಬ್ರರಿ ಬೆಳೀತಾ ಇರೋ ಜೀವ ಅಂತ. 1931ರಲ್ಲೇ ಅಷ್ಟು ಮುಂದಕ್ಕೆ ಯೋಚನೆ ಮಾಡಿ ಬರೆದಿಟ್ಟಿದಾರೆ, ನಾವು ಈಗ ಹಿಂದಕ್ಕೆ ಹೋಗೋದು ಬೇಡ.

ಸಕಲೇಶಪುರದವ_ಈಗ_ಹೊರಗೆ
ನಾನು ಅಮೆರಿಕದಲ್ಲಿ ಓದ್ತಿದೀನಿ, ಅದಕ್ಕೆ ಇದನ್ನ ಹೇಳ್ಬೇಕು ಅನ್ನಿಸ್ತು. ಮಿಶಿಗನ್ ಯೂನಿವರ್ಸಿಟಿ ಲೈಬ್ರರಿ 2008ರಲ್ಲೇ ಕಂಪ್ಯೂಟರ್ ಮತ್ತು ವಿಡಿಯೋ ಗೇಮ್ ಆರ್ಕೈವ್ ಅಂತ ಶುರು ಮಾಡ್ತು, 1970ರ ದಶಕದ ಮಷೀನಿಂದ ಹಿಡಿದು ಈಗಿನ ಕನ್ಸೋಲ್ ತನಕ ಇಟ್ಟಿದಾರೆ. ಅದರ ವಿಶೇಷ ಅಂದ್ರೆ ಗಾಜಿನ ಪೆಟ್ಟಿಗೇಲಿ ಬೀಗ ಹಾಕಿ ಇಟ್ಟಿಲ್ಲ, ಅಲ್ಲೇ ಕೂತು ಆಡ್ಬಹುದು, ಹೊರಗಿನ ಜನಾನೂ ಬರ್ಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ ಕ್ಯಾಬ್ರಿನೆಟಿ ಕಲೆಕ್ಷನ್ ಅಂತಿದೆ. ಸ್ಟೀಫನ್ ಕ್ಯಾಬ್ರಿನೆಟಿ ಅನ್ನೋ ಒಬ್ಬ ವ್ಯಕ್ತಿ ಚಿಕ್ಕ ವಯಸ್ಸಿಂದ ಗೇಮು ಸಾಫ್ಟ್‌ವೇರು ಕೂಡಿಡ್ತಾ ಬಂದಿದ್ರು, 1995ರಲ್ಲಿ ಇನ್ನೂ ಮೂವತ್ತು ತುಂಬೋ ಮುಂಚೆ ತೀರ್ಕೊಂಡ್ರು, ಅವರು ಕೂಡಿಟ್ಟಿದ್ದ ಸಾವಿರಾರು ಗೇಮು ಸ್ಟ್ಯಾನ್‌ಫರ್ಡ್ ಲೈಬ್ರರಿಗೆ ಬಂತು. ಆಮೇಲೆ ಅಲ್ಲಿನ ಸರ್ಕಾರಿ ಸಂಸ್ಥೆ ನಿಸ್ಟ್ ಜೊತೆ ಸೇರಿ ಆ ಫ್ಲಾಪಿ, ಕ್ಯಾಸೆಟ್ಟು ಎಲ್ಲದರ ಒಳಗಿರೋ ಡೇಟಾನ ತೆಗೆದು ಉಳಿಸೋ ಕೆಲಸ ಮಾಡಿದ್ರು. ಜಪಾನಲ್ಲಿ ಕ್ಯೋಟೋದ ರಿತ್ಸುಮೇಕನ್ ಯೂನಿವರ್ಸಿಟೀಲಿ ಗೇಮ್ ಅಧ್ಯಯನಕ್ಕೇ ಒಂದು ಕೇಂದ್ರ ಇದೆ.

ನೋಡಿ, ಇದೂ ಹಂಗೇ ಒಬ್ಬರ ಮನೆಯಿಂದ ಬಂದ ಪೆಟ್ಟಿಗೆ. ಹಾಸನ ಸಣ್ಣ ಊರು ಅಂತ ಕೈಬಿಡ್ಬೇಡಿ ಮೇಡಂ.

ಅರಸೀಕೆರೆ_ಅಮ್ಮ
ನಾನು ಇದರ ಬಗ್ಗೆ ಓದಿಕೊಂಡವಳಲ್ಲ, ತಾಯಿಯಾಗಿ ಕೇಳ್ತೀನಿ. ನನ್ನ ಮಗ ಸೆಕೆಂಡ್ ಪಿಯುಸಿ, ರಾತ್ರಿ ಒಂದು ಗಂಟೆ ಆದ್ರೂ ಮೊಬೈಲ್ ಬಿಡಲ್ಲ, ಊಟಕ್ಕೆ ಕರೆದ್ರೆ ಮ್ಯಾಚ್ ಮಧ್ಯ ಇದೀನಿ ಅಂತಾನೆ. ಪಕ್ಕದ ಬೀದಿ ಹುಡುಗ ರಮ್ಮಿ ಆಡಿ ಮನೆ ಒಡವೆ ಅಡ ಇಡೋ ಹಂಗ್ ಮಾಡ್ದ. ಕಾಲೇಜಲ್ಲಾದ್ರೂ ಇದು ಇರಲ್ಲ ಅಂತ ನಾವು ಸಮಾಧಾನವಾಗಿದ್ವಿ, ಅಲ್ಲೂ ತಂದಿಟ್ರೆ ನಾವ್ ಯಾರತ್ರ ಹೇಳ್ಕೊಳ್ಳೋದು?

ಹೇಮಾವತಿ_ದಡ
ಅಕ್ಕ ನಿಮ್ಮ ಭಯ ನ್ಯಾಯವಾದ್ದೇ, ನಂಗೂ ಹೈಸ್ಕೂಲ್ ಓದೋ ಮಗಳಿದಾಳೆ. ಆನ್‌ಲೈನಲ್ಲಿ ದುಡ್ಡು ಕಟ್ಟಿ ಆಡೋ ರಮ್ಮಿ ಥರದ್ದನ್ನ 2025ರ ಆಗಸ್ಟಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಿ ನಿಷೇಧಿಸಿದೆ, ಅದಕ್ಕೂ ಈ ಪೆಟ್ಟಿಗೆಗೂ ಸಂಬಂಧ ಇಲ್ಲ. ನಿಮ್ಮ ಮಗ ಆಡೋ ಮೊಬೈಲ್ ಗೇಮ್ ಮುಗಿಯೋದೇ ಇಲ್ಲ, ಬಿಟ್ರೆ ಬಹುಮಾನ ಹೋಯ್ತು, ನಾಳೆ ಬಾ, ಇವತ್ತೇ ಕೊಂಡ್ಕೋ ಅಂತ ಕರೀತಾನೇ ಇರುತ್ತೆ. ಈ ಹಳೇ ಗೇಮುಗಳು ಇಂಟರ್ನೆಟ್ ಇಲ್ದೆ ಓಡೋವು, ಆಟ ಮುಗಿಯುತ್ತೆ, ಸ್ವಿಚ್ ಆಫ್ ಮಾಡಿದ್ರೆ ಯಾರೂ ಕರೆಯಲ್ಲ. ನಾವು ಮಾಡ್ಬೇಕು ಅಂತಿರೋದು ವಾರಕ್ಕೆ ಒಂದು ಮಧ್ಯಾಹ್ನ, ರಿಜಿಸ್ಟರಲ್ಲಿ ಸೈನ್ ಮಾಡಿ, ನಮ್ಮ ಕಣ್ಣೆದುರಿಗೆ, ಮನೆಗೆ ಕೊಡಲ್ಲ. ಒಂದಿನ ನೀವೇ ಬಂದು ನೋಡಿ ಅಕ್ಕ, ಸರಿ ಅನ್ನಿಸ್ದಿದ್ರೆ ನಂಗೆ ಮುಖಕ್ಕೆ ಹೇಳಿ.

ವಕೀಲ_ಚಿಕ್ಕಮಗಳೂರು
ಕಾನೂನು ಕೇಳಿದ್ರಲ್ಲ, ಸ್ವಲ್ಪ ಉದ್ದ ಆಗುತ್ತೆ ಆದ್ರೂ ಓದಿ.

ನಮ್ಮ 1957ರ ಕೃತಿಸ್ವಾಮ್ಯ ಕಾಯಿದೇಲಿ ಗೇಮು ಕಂಪ್ಯೂಟರ್ ಪ್ರೋಗ್ರಾಮ್ ಲೆಕ್ಕಕ್ಕೆ ಬರುತ್ತೆ. ಪ್ರೋಗ್ರಾಮನ್ನ ವ್ಯಾಪಾರಕ್ಕೆ ಬಾಡಿಗೆ ಕೊಡೋ ಹಕ್ಕು ಮಾಲೀಕರದ್ದು. ಆದ್ರೆ 2012ರ ತಿದ್ದುಪಡೀಲಿ 2ನೇ ಸೆಕ್ಷನ್ನಿಗೆ ಎಫ್‌ಎ ಅಂತ ಒಂದು ಖಂಡ ಸೇರಿಸಿದಾರೆ, ಲಾಭದ ಉದ್ದೇಶ ಇಲ್ದಿರೋ ಲೈಬ್ರರಿ ಅಥವಾ ಶಿಕ್ಷಣ ಸಂಸ್ಥೆ, ಕಾನೂನುಬದ್ಧವಾಗಿ ಪಡೆದ ಪ್ರತಿಯನ್ನ ಲಾಭಕ್ಕಲ್ಲದೆ ಎರವಲು ಕೊಟ್ರೆ ಅದು ವ್ಯಾಪಾರಿ ಬಾಡಿಗೆ ಅನ್ನಿಸ್ಕೊಳ್ಳಲ್ಲ ಅಂತ. ಇದು ನಿಮಗೆ ದೊಡ್ಡ ಆಸರೆ, ಬಹಳ ಲೈಬ್ರರಿಯವರಿಗೆ ಇದು ಗೊತ್ತೇ ಇಲ್ಲ.

ಈಗ ಕಷ್ಟದ ವಿಷಯ. ಆ 140 ಡಿಸ್ಕಲ್ಲಿ ಒರಿಜಿನಲ್ ಎಷ್ಟು? ಆ ಕಾಲದಲ್ಲಿ ಅಂಗಡಿಗಳಲ್ಲಿ ಹೆಚ್ಚಾಗಿ ಓಡ್ತಿದ್ದದ್ದು ಕಾಪಿ ಡಿಸ್ಕು, ನಮಗೆಲ್ಲಾ ಗೊತ್ತಿರೋದೆ. ಕಾನೂನುಬದ್ಧ ಪ್ರತಿ ಅನ್ನೋ ಷರತ್ತಿಗೆ ಅವು ನಿಲ್ಲಲ್ಲ. ಮೊದಲು ಎರಡು ಗುಡ್ಡೆ ಮಾಡಿ. ಒರಿಜಿನಲ್ ಮಾತ್ರ ಸಂಗ್ರಹಕ್ಕೆ ಏರಿಸಿ, ಕಾಪಿಗಳನ್ನ ಆಡೋಕೆ ಕೊಡ್ಲೇಬೇಡಿ.

ಇನ್ನೊಂದು, ಬ್ಯಾಕಪ್. ಸೆಕ್ಷನ್ 52ರಲ್ಲಿ ಕಾನೂನುಬದ್ಧ ಪ್ರತಿ ಇಟ್ಕೊಂಡಿರೋರು ಹಾಳಾದ್ರೆ ಇರ್ಲಿ ಅಂತ ಪ್ರೋಗ್ರಾಮಿನ ಬ್ಯಾಕಪ್ ತೆಗೀಬಹುದು. ಲೈಬ್ರರಿಗಳು ಸಂರಕ್ಷಣೆಗೆ ಡಿಜಿಟಲ್ ಪ್ರತಿ ಮಾಡಿಡೋಕೆ ಬೇರೆ ಖಂಡ ಇದೆ, ಆದ್ರೆ ಅದು ಹೇಳೋದು ನಿಮ್ಮಲ್ಲಿ ಡಿಜಿಟಲ್ ಅಲ್ಲದ ಪ್ರತಿ ಈಗಾಗ್ಲೇ ಇರ್ಬೇಕು ಅಂತ. ಪುಸ್ತಕಕ್ಕೆ ಸರಿ. ಗೇಮ್ ಡಿಸ್ಕು ಹುಟ್ಟಿದ್ದೇ ಡಿಜಿಟಲ್, ಅದಕ್ಕೆ ಕಾಗದದ ಪ್ರತಿ ಎಲ್ಲಿಂದ ತರೋದು? ಕಾನೂನು ಬರೆದಾಗ ಯಾರೂ ಇದನ್ನ ಯೋಚನೆ ಮಾಡಿಲ್ಲ ಅಂತ ನನ್ನ ಅಭಿಪ್ರಾಯ. ಅದರ ಮೇಲೆ 65ಎ ಇದೆ, ಹಕ್ಕು ಉಲ್ಲಂಘನೆ ಮಾಡೋ ಉದ್ದೇಶದಿಂದ ಡಿಸ್ಕಿನ ಲಾಕ್ ಮುರಿಯೋದು ಅಪರಾಧ. ಹಾಗಾಗಿ ಬ್ಯಾಕಪ್ ವಿಷಯದಲ್ಲಿ ಮ್ಯಾನೇಜ್‌ಮೆಂಟಿಂದ ಬರವಣಿಗೇಲಿ ಒಪ್ಪಿಗೆ ತಗೊಂಡೇ ಹೆಜ್ಜೆ ಇಡಿ. ದಾನಪತ್ರಾನೂ ಮಾಡಿಸ್ಕೊಳ್ಳಿ, ಬರೀ ಬಾಯಿಮಾತು ಸಾಲಲ್ಲ.

ಹಳೇಗೇಮ್_ಹಾಸನ
ಲಾಯರ್ ಸಾರ್ ಹೇಳಿದ್ದು ಸರಿ, ಆ ಅಂಗಡೀಲಿ ಕಾಪಿ ಡಿಸ್ಕ್ ಓಡ್ಲಿ ಅಂತ ಕನ್ಸೋಲ್‌ಗೆ ಚಿಪ್ ಹಾಕ್ಸಿದ್ರು ನಂಗ್ ನೆನಪಿದೆ. ಆದ್ರೆ ಒರಿಜಿನಲ್ಲೂ ಇದ್ವು, ಕ್ರಿಕೆಟ್ 07 ಒರಿಜಿನಲ್ ಬಾಕ್ಸು ಕೌಂಟರ್ ಹಿಂದೆ ಗಾಜಿನ ಶೋಕೇಸಲ್ಲಿ ಇಟ್ಟಿದ್ರು ಯಾರ್ಗೂ ಮುಟ್ಟೋಕ್ ಬಿಡ್ತಿರ್ಲಿಲ್ಲ.

ಆ ಗೇಮೇ ತಗೊಳ್ಳಿ. ಇಎ ಕಂಪನಿ 2006ರಲ್ಲಿ ಬಿಟ್ಟಿದ್ದು, ಅದಾದ್ಮೇಲೆ ಅವ್ರು ಆ ಥರ ಕ್ರಿಕೆಟ್ ಗೇಮೇ ಮಾಡ್ಲಿಲ್ಲ. ಇವತ್ತು ಅದನ್ನ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡ್ತೀನಿ ಅಂದ್ರೂ ಅಂಗಡಿ ಇಲ್ಲ. ಹಂಗಿದ್ರೂ ಹುಡುಗ್ರು ಈಗ್ಲೂ ಅದಕ್ಕೆ ಹೊಸ ಜೆರ್ಸಿ ಹೊಸ ಪ್ಲೇಯರ್ ಹಾಕ್ಕೊಂಡು ಕಂಪ್ಯೂಟರಲ್ಲಿ ಆಡ್ತಾರೆ, ಅಷ್ಟು ಪ್ರೀತಿ.

ನಾನೀಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದೀನಿ, ಅದಕ್ಕೆ ಕೆಲವು ಮಾತು. ಕ್ಯಾಸೆಟ್ ಕೆಲಸ ಮಾಡ್ಲಿಲ್ಲ ಅಂದ್ರೆ ನಾವೆಲ್ಲಾ ಬಾಯಿಂದ ಉಫ್ ಅಂತ ಊದ್ತಿದ್ವಿ, ದಯವಿಟ್ಟು ಯಾರ್ಗೂ ಊದೋಕ್ ಬಿಡ್ಬೇಡಿ, ಬಾಯಿ ತೇವ ತಗುಲಿ ಪಿನ್ನು ಕಿಲುಬು ಹಿಡಿಯುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿ ಕಡ್ಡೀಲಿ ಹಚ್ಚಿ ಒರೆಸಿ, ಒಣಗಿದ್ಮೇಲೆ ಹಾಕಿ. ಕೆಲವು ಕ್ಯಾಸೆಟ್ ಒಳಗೆ ಸೇವ್ ಮಾಡೋಕೆ ನಾಣ್ಯದ ಥರ ಬ್ಯಾಟರಿ ಬೆಸುಗೆ ಹಾಕಿರ್ತಾರೆ, ಹದಿನೈದು ಇಪ್ಪತ್ತು ವರ್ಷಕ್ಕೆ ಅದು ಸಾಯುತ್ತೆ, ಸತ್ರೆ ಸೇವ್ ಹೋಯ್ತು. ಆಮೇಲೆ ಆ ಬಂದೂಕ ಈಗಿನ ಎಲ್ಇಡಿ ಟಿವಿ ಮುಂದೆ ಏನೂ ಮಾಡಲ್ಲ, ಅದಕ್ಕೆ ಹಳೇ ಡಬ್ಬಾ ಟೀವಿನೇ ಬೇಕು. ಬಾತುಕೋಳಿ ಹೊಡೀತಿದ್ದ ಗೇಮ್ ಇದ್ದು ಡಬ್ಬಾ ಟೀವಿ ಇಲ್ದಿದ್ರೆ ಆ ಗೇಮ್ ನಿಮ್ ಹತ್ರ ಇಲ್ಲ ಅಂತಾನೇ ಲೆಕ್ಕ ಅಕ್ಕ.

ಹೇಮಾವತಿ_ದಡ
ಈ ಕೊನೇ ಮಾತು ನನ್ನ ತಲೇಲಿ ಕೂತ್ಬಿಡ್ತು. ಪುಸ್ತಕ ಕಪಾಟಲ್ಲಿ ಇದ್ರೆ ಇದೆ, ಬೆಳಕು ಇದ್ರೆ ಓದ್ಬಹುದು. ಇದಕ್ಕೆ ಡಿಸ್ಕು, ಕನ್ಸೋಲು, ಸರಿಯಾದ ಟೀವಿ, ವೈರು, ಅದನ್ನ ಜೋಡಿಸೋಕೆ ಬರೋ ಮನುಷ್ಯ ಎಲ್ಲಾ ಒಟ್ಟಿಗಿದ್ರೇನೆ ಸಂಗ್ರಹ. ರಿಜಿಸ್ಟರಲ್ಲಿ ಡಿಸ್ಕ್ ಮಾತ್ರ ಏರಿಸಿ ನಾವ್ ಉಳಿಸಿದ್ವಿ ಅಂದ್ರೆ ಅದು ಸುಳ್ಳಾಗುತ್ತೆ.

ಕಾಫಿತೋಟ_ಮೂಡಿಗೆರೆ
ಮಾರಾಯ್ರೆ ತೇವದ ವಿಷಯ ನಮ್ಮನ್ನ ಕೇಳಿ. ನಮ್ಮಲ್ಲಿ ಜೂನ್ ಬಂತು ಅಂದ್ರೆ ಚರ್ಮದ ಬೆಲ್ಟು, ಕ್ಯಾಮರಾ ಲೆನ್ಸು, ಮದುವೆ ಆಲ್ಬಮ್ಮು ಎಲ್ಲದಕ್ಕೂ ಬೂಷ್ಟು. ನನ್ನ ಹತ್ರ ಇದ್ದ ಸಿಡಿಗಳ ಮೇಲೆ ಜೇಡರಬಲೆ ಹಂಗೆ ಬೆಳ್ಳಗೆ ಎಳೆ ಬಂದು ಅರ್ಧಕ್ಕರ್ಧ ಹೋಯ್ತು. ಹಾಸನ ಪಟ್ಟಣದಲ್ಲಿ ನಮ್ಮಷ್ಟು ಮಳೆ ಇಲ್ಲ ಆದ್ರೂ ಗೋಡೆ ಕಪಾಟು ಆದ್ರೆ ಕಷ್ಟವೇ.

ಕಾಫಿ ಪಾರ್ಚ್‌ಮೆಂಟನ್ನ (ಹಣ್ಣಿನ ಸಿಪ್ಪೆ ತೆಗೆದ ಬೀಜ) ನಾವು ತೇವ ಶೇಕಡಾ 10ರ ಹತ್ರಕ್ಕೆ ಬರೋ ತನಕ ಒಣಗಿಸ್ದೆ ಮೂಟೆ ಕಟ್ಟಲ್ಲ, ಕಟ್ಟಿದ್ಮೇಲೂ ನೆಲಕ್ಕೆ ತಾಗಿಸಲ್ಲ, ಗೋಡೆಗೆ ಒರಗಿಸಲ್ಲ, ಮರದ ಹಲಗೆ ಮೇಲೆ ಗಾಳಿ ಆಡೋ ಹಾಗೆ ಇಡ್ತೀವಿ. ನಿಮ್ದೂ ಹಂಗೆ ಮಾಡಿ. ಹೊರಗೋಡೆಗೆ ಅಂಟಿರೋ ಅಲ್ಮೇರಾ ಬೇಡ. ರಟ್ಟಿನ ಪೆಟ್ಟಿಗೆ ಮೊದ್ಲು ಬಿಸಾಕಿ, ಅದೇ ತೇವ ಕುಡಿದು ಕೂರುತ್ತೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮೀಟರ್ ಹಾಕಿಡಿ, ಶೇಕಡಾ ಅರವತ್ತು ದಾಟ್ದಂಗೆ ನೋಡ್ಕೊಳ್ಳಿ. ಸಿಲಿಕಾ ಜೆಲ್ ಬಣ್ಣ ತಿರುಗಿದ್ರೆ ಮತ್ತೆ ಬಿಸಿ ಮಾಡಿ ಒಣಗಿಸಿ ಹಾಕ್ಬಹುದು. ಬಿಸಿಲಿಗೆ ಮಾತ್ರ ಡಿಸ್ಕ್ ಇಡಬೇಡಿ, ಕಾಫಿ ಕಣ ಅಂದ್ಕೊಂಡು.

ಮೀಟರ್ ಬೇಕಾದ್ರೆ ನಂದೇ ಒಂದು ಎಕ್ಸ್ಟ್ರಾ ಇದೆ, ಹಾಸನದ ಕಡೆ ಬಂದಾಗ ಕೊಟ್ಟು ಹೋಗ್ತೀನಿ.

ಕ್ಯಾಟಲಾಗ್_ಅಕ್ಕ
ನಾನೂ ಲೈಬ್ರರಿಯವಳೇ, ಬೇರೆ ಜಿಲ್ಲೆ. ದಯವಿಟ್ಟು ಅಭ್ಯಾಸಬಲದಿಂದ ಡಿಸ್ಕ್ ಮೇಲೆ ಕಾಲೇಜ್ ಸೀಲ್ ಹೊಡೀಬೇಡಿ, ಬಾರ್‌ಕೋಡ್ ಅಂಟಿಸ್ಬೇಡಿ!! ನಾವು ಹಿಂದೆ ಪುಸ್ತಕದ ಜೊತೆ ಬರೋ ಸಿಡಿಗಳಿಗೆ ಸ್ಟಿಕ್ಕರ್ ಹಾಕಿ, ಡ್ರೈವಲ್ಲಿ ತಿರುಗುವಾಗ ತೂಕ ಒಂದು ಕಡೆ ವಾಲಿ ಎಷ್ಟೋ ಸಿಡಿ ಓದದೇ ಹೋದ್ವು, ಅಂಟು ಮೇಲಿನ ಪದರಾನೇ ಕಿತ್ತು ಹಾಕ್ತು. ನಡುವಿನ ರಂಧ್ರದ ಸುತ್ತ ಪಾರದರ್ಶಕ ಉಂಗುರ ಇರುತ್ತಲ್ಲ ಅಲ್ಲಿ ಮಾತ್ರ ಸಿಡಿ ಬರೆಯೋ ಪೆನ್ನಲ್ಲಿ ನಂಬರ್ ಬರೀರಿ. ಬಾರ್‌ಕೋಡ್ ಹೊರಗಿನ ಕೇಸಿಗೆ.

ಪುಸ್ತಕ ವಿಂಗಡಿಸೋ ಡ್ಯೂಯಿ ಪದ್ಧತೀಲಿ 794.8 ಕೊಡಿ, ಕಂಪ್ಯೂಟರ್ ಗೇಮಿಗೆ ಅದೇ ನಂಬರ್. ಲೈಬ್ರರಿ ಸಾಫ್ಟ್‌ವೇರ್ ಕೋಹಾದಲ್ಲಿ ಹೊಸ ಐಟಂ ಟೈಪ್ ಮಾಡ್ಕೊಳ್ಳಿ, ಎರವಲು ಇಲ್ಲ ಅಂತ ಸೆಟ್ ಮಾಡಿ. ಬಹಳ ಮುಖ್ಯವಾದ್ದು, ಯಾವ ಮಷೀನಲ್ಲಿ ಓಡುತ್ತೆ ಅನ್ನೋದನ್ನ ಟಿಪ್ಪಣೀಲಿ ಬರೀದೆ ಬಿಡ್ಬೇಡಿ. ಒಂದೇ ಹೆಸರಿನ ಗೇಮು ಪ್ಲೇಸ್ಟೇಷನ್ನಿಗೆ ಬೇರೆ, ಕಂಪ್ಯೂಟರಿಗೆ ಬೇರೆ. ಯಾವ ದೇಶದ ಡಿಸ್ಕು ಅನ್ನೋದೂ ಬರೀರಿ, ಬೇರೆ ಪ್ರದೇಶದ್ದಾದ್ರೆ ಕನ್ಸೋಲ್ ತಗೊಳ್ಳಲ್ಲ. ಕನ್ಸೋಲ್, ಕಂಟ್ರೋಲರ್, ಮೆಮೊರಿ ಕಾರ್ಡ್ ಪ್ರತಿಯೊಂದಕ್ಕೂ ಬೇರೆ ಆಕ್ಸೆಷನ್ ನಂಬರ್ ಕೊಡಿ, ಇಲ್ಲಾಂದ್ರೆ ಸ್ಟಾಕ್ ವೆರಿಫಿಕೇಷನ್ ದಿನ ಕಣ್ಣೀರು.

ಫೈನಲ್‌ಇಯರ್_ಸಿಎಸ್
ಮೇಡಂ ನಾನು ಇಂಜಿನಿಯರಿಂಗ್ ಸ್ಟೂಡೆಂಟ್, ನನ್ನ ಪ್ರಶ್ನೆ ಬೇರೆ. ಡಿಸ್ಕ್ ಇರೋ ಗೇಮನ್ನ ಹೆಂಗೋ ಉಳಿಸ್ತೀರ, ನಮ್ ಕಾಲದ್ದು ಏನ್ ಮಾಡ್ತೀರ? ನಾನು ಹೈಸ್ಕೂಲಲ್ಲಿದ್ದಾಗ ಪಬ್‌ಜಿ ಮೊಬೈಲ್ ನಮ್ಮ ಇಡೀ ಕ್ಲಾಸು ಆಡ್ತಿತ್ತು, 2020ರ ಸೆಪ್ಟೆಂಬರ್ 2ಕ್ಕೆ ನಿಷೇಧ ಆಯ್ತು, ಅಕ್ಟೋಬರ್ 30ಕ್ಕೆ ಇಲ್ಲಿ ಸರ್ವರ್ ಆಫ್. ಫೋನಲ್ಲಿ ಫೈಲ್ ಇದ್ರೂ ಆ ಆಟ ಇಲ್ಲ. ಅದೇ ವರ್ಷ ಡಿಸೆಂಬರ್ 31ಕ್ಕೆ ಬ್ರೌಸರಲ್ಲಿ ಗೇಮ್ ಓಡಿಸ್ತಿದ್ದ ಫ್ಲ್ಯಾಶ್ ಸಾಫ್ಟ್‌ವೇರ್ ನಿಲ್ತು, ಸೈಬರ್ ಕೆಫೇಲಿ ಆಡ್ತಿದ್ದ ಚಿಕ್ಕ ಚಿಕ್ಕ ಗೇಮು ಬ್ರೌಸರಲ್ಲಿ ಓಡೋದೇ ನಿಂತೋಯ್ತು, ನಮ್ಮಮ್ಮ ಆಡ್ತಿದ್ದ ಫಾರ್ಮ್‌ವಿಲ್ಲೆ ಕೂಡ ಅವತ್ತೇ ಮುಚ್ಚಿದ್ದು.

ಇನ್ನೊಂದು ಹೊಟ್ಟೆ ಉರಿಯೋ ವಿಷಯ. ನಮ್ ಸೀನಿಯರ್ಸ್ ಪ್ರಾಜೆಕ್ಟ್ ಅಂತ ಎಷ್ಟು ಗೇಮ್ ಮಾಡಿದ್ರು. ಒಬ್ರು ಚೌಕಾಬಾರ ಮಾಡಿದ್ರು, ಒಬ್ರು ಆನೆ ತೋಟಕ್ಕೆ ಬರೋದನ್ನ ಇಟ್ಕೊಂಡು ಮಾಡಿದ್ರು, ಕನ್ನಡದಲ್ಲೇ. ರಿಪೋರ್ಟ್ ಬೈಂಡ್ ಮಾಡಿಸಿ, ಹಿಂದಿನ ಪಾಕೆಟಲ್ಲಿ ಸಿಡಿ ಇಟ್ಟು ಕೊಟ್ರು, ಡಿಪಾರ್ಟ್‌ಮೆಂಟ್ ಅಲ್ಮೇರಾದಲ್ಲಿ ಅವು ಕೊಳೀತಿವೆ. ನಾನ್ ಒಂದು ಹಾಕ್ದೆ, ಸಿಡಿ ಓದ್ಲೇ ಇಲ್ಲ.

ಸಕಲೇಶಪುರದವ_ಈಗ_ಹೊರಗೆ
ತಮ್ಮ ಸರಿಯಾಗಿ ಹೇಳ್ದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿದಾಗ, ಅಲ್ಲಿ 2010ಕ್ಕಿಂತ ಮುಂಚೆ ಬಂದ ಗೇಮುಗಳಲ್ಲಿ ಶೇಕಡಾ 87ರಷ್ಟು ಈಗ ಮಾರಾಟಕ್ಕೇ ಸಿಗಲ್ಲ ಅಂತ ಗೊತ್ತಾಯ್ತು. ಲೈಬ್ರರಿಗಳು ಇವನ್ನ ಸಂಶೋಧಕರಿಗೆ ದೂರದಿಂದ್ಲೇ ತೋರಿಸೋಕೆ ಅನುಮತಿ ಕೇಳಿದ್ವು, 2024ರ ಅಕ್ಟೋಬರಲ್ಲಿ ಅಲ್ಲಿನ ಕಾಪಿರೈಟ್ ಆಫೀಸ್ ಆಗಲ್ಲ ಅಂತು. ಅಂದ್ರೆ ನೋಡ್ಬೇಕು ಅಂದ್ರೆ ಆ ಲೈಬ್ರರಿಗೇ ಹೋಗ್ಬೇಕು. ಹಾಸನದ ಹುಡುಗ ಅಲ್ಲಿಗೆ ಹೋಗೋಕಾಗುತ್ತಾ? ಇಲ್ಲೇ ಒಂದು ಇರ್ಬೇಕು ಅನ್ನೋದಕ್ಕೆ ಇದಕ್ಕಿಂತ ಕಾರಣ ಬೇಕಾ.

ಆನೆ ಗೇಮಿನ ಮೂಲ ಫೈಲು ಅವರ ಲ್ಯಾಪ್‌ಟಾಪಲ್ಲಿ ಇರ್ಬಹುದು, ಫೋನ್ ಮಾಡಿ ಕೇಳು, ಇವತ್ತೇ ಕೇಳು.

ಹೇಮಾವತಿ_ದಡ
ಆನೆ ಗೇಮು ನಂಗೆ ಬೇಕು. ಅದನ್ನ ಮಾಡ್ದೋರೇ ಕೊಟ್ರೆ ಲಾಯರ್ ಸರ್ ಹೇಳಿದ ಕಾಪಿರೈಟ್ ತಲೆನೋವೂ ಇಲ್ಲ, ಒಂದು ಒಪ್ಪಿಗೆ ಪತ್ರ ಬರೆಸ್ಕೊಂಡ್ರೆ ಆಯ್ತು. ಹೊರಗಿನ ದೊಡ್ಡ ದೊಡ್ಡ ಲೈಬ್ರರಿಗಳಲ್ಲಿ ಕ್ರಿಕೆಟ್ ಗೇಮ್ ಸಿಗ್ಬಹುದು, ಹಾಸನದ ಆನೆ ಗೇಮು ನಾವಿಟ್ರೆ ಮಾತ್ರ ಇರುತ್ತೆ. 2024ರಲ್ಲಿ ನಮ್ಮ ಸರ್ಕಾರ ಆನಿಮೇಷನ್, ಗೇಮಿಂಗ್ ಎಲ್ಲಾ ಸೇರಿಸಿ ಹೊಸ ನೀತಿ ತಂದಿದೆ, ಗೇಮ್ ಮಾಡೋದನ್ನ ಕಲೀರಿ ಅಂತ ಹುಡುಗ್ರಿಗೆ ಹೇಳ್ತಿದೀವಿ, ಅವರು ಮಾಡಿದ್ದನ್ನ ಇಡೋಕೆ ಒಂದು ಕಪಾಟು ಇಲ್ಲ.

ಮೇಷ್ಟ್ರು_ಚನ್ನರಾಯಪಟ್ಟಣ
ಮೂರು ದಿನದಿಂದ ಎಲ್ಲಾ ಓದ್ತಿದೀನಿ. ಚೌಕಾಬಾರ ಅಂತ ಆ ಹುಡುಗ ಬರೆದದ್ದು ನೋಡಿ ಒಂದು ವಿಷಯ ನೆನಪಾಯ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ ಅನ್ನೋ ಗ್ರಂಥದಲ್ಲಿ ಒಂಬತ್ತು ನಿಧಿಗಳು, ಅಂದ್ರೆ ಭಾಗಗಳಿವೆ, ದೇವತೆಗಳದ್ದು, ಗ್ರಹಗಳದ್ದು ಅಂತ, ಕೊನೇದು ಕೌತುಕನಿಧಿ, ಅದು ಪೂರ್ತಿ ಆಟಗಳದ್ದು, ಮಣೆ ಆಟ, ಗಂಜೀಫ ಎಲೆ ಆಟ, ಚದುರಂಗದ ಲೆಕ್ಕಗಳು. ರಾಜರು ಬರೆಸಿಟ್ಟಿದ್ದಕ್ಕೆ ನಮಗೆ ಇವತ್ತು ಗಂಜೀಫ ಅಂದ್ರೆ ಏನು ಅಂತ ಗೊತ್ತು. ನಾನು ಇದನ್ನ ತರಗತೀಲಿ ಹೇಳೋನು, ಮೇಡಂ ಪೆಟ್ಟಿಗೆ ವಿಷಯದಲ್ಲಿ ನಂಗೆ ಹೊಳೀಲಿಲ್ಲ.

ಪುಸ್ತಕದ ದುಡ್ಡು ಮುಟ್ಟಬಾರದು ಅನ್ನೋ ಮಾತು ನಂದು ಹಾಗೇ ಇದೆ. ಆದ್ರೆ ಆ ಮೂರು ನೋಟ್‌ಬುಕ್ ಬಗ್ಗೆ ಒಂದು ವಿನಂತಿ. ಅಂಗಡಿಯವರು ಗೇಮಿನ ಹೆಸರುಗಳನ್ನ ಕನ್ನಡದಲ್ಲಿ ಹೆಂಗೆ ಬರೆದಿದಾರೆ? ಹುಡುಗರು ಏನಂತ ಕರೀತಿದ್ರೋ ಹಂಗೇ ಬರೆದಿದ್ರೆ ಅದು ಭಾಷೆಯ ದಾಖಲೆ ಕೂಡ. ನನ್ನ ಎಂ.ಎ. ಹುಡುಗಿಯರಲ್ಲಿ ಒಬ್ಬಳು ಅದರ ಮೇಲೆ ಕೆಲಸ ಮಾಡ್ತೀನಿ ಅಂತಿದಾಳೆ, ಅವಕಾಶ ಕೊಡ್ತೀರಾ?

ಹೇಮಾವತಿ_ದಡ
ಖಂಡಿತ ಸರ್, ಕಳ್ಸಿಕೊಡಿ. ಹೌದು ಹಂಗೇ ಬರೆದಿದಾರೆ, 'ಕುಸ್ತಿ', 'ಕಳ್ಳ ಕಾರು', 'ಬಾತುಕೋಳಿ', 'ಹೊಸ ಕ್ರಿಕೆಟ್'.

ವಕೀಲ_ಚಿಕ್ಕಮಗಳೂರು
ಒಂದು ಎಚ್ಚರ, ನೋಟ್‌ಬುಕ್ಕಲ್ಲಿ ಹುಡುಗರ ಹೆಸರು ಬಾಕಿ ಎಲ್ಲಾ ಇದೆ. ಅವರೆಲ್ಲಾ ಈಗ ಇದೇ ಊರಲ್ಲಿ ಸಂಸಾರ ಮಾಡ್ಕೊಂಡಿರೋರು. ಸಂಶೋಧನೆಗೆ ಕೊಡುವಾಗ ಹೆಸರಿನ ಕಾಲಂ ಮುಚ್ಚಿ ಪ್ರತಿ ಮಾಡಿ ಕೊಡಿ, ಮೂಲ ಬೀಗದಲ್ಲಿರಲಿ.

ಹೇಮಾವತಿ_ದಡ
ಎಲ್ರಿಗೂ ಅಪ್‌ಡೇಟ್. ದಾನಪತ್ರ ಆಯ್ತು. ಮೇಡಂ ಪ್ರಿನ್ಸಿಪಾಲ್ ಹತ್ರ ಹೋಗಿ ಒಂದು ವರ್ಷಕ್ಕೆ ಅಂತ ಒಪ್ಪಿಗೆ ತಂದ್ರು, ರೆಫರೆನ್ಸ್ ರೂಮಿನ ಒಳಗಡೆ ಗೋಡೆ ಪಕ್ಕ ಒಂದು ಕಪಾಟು, ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು. ಡಿಸ್ಕೆಲ್ಲಾ ಬಿಡಿಸಿ ನೋಡಿದ್ರೆ ಒರಿಜಿನಲ್ ಬರೀ 23. ಮಿಕ್ಕಿದ್ದನ್ನ ಬೇರೆ ಡಬ್ಬೀಲಿ ಸೀಲ್ ಮಾಡಿ ಇಟ್ಟಿದೀನಿ, ಆಡೋಕೆ ಕೊಡಲ್ಲ. 23ಕ್ಕೂ ನಂಬರ್ ಉಂಗುರದ ಮೇಲೆ ಬರೆದೆ, ಕೈ ನಡುಗ್ತಿತ್ತು.

ಕ್ರಿಕೆಟ್ 07 ಇದೆ, ಬಾಕ್ಸ್ ಸಮೇತ. ನಿನ್ನೆ ಹಾಕಿದ್ವಿ, ಎರಡು ಸಲ ಓದ್ಲಿಲ್ಲ, ಮೂರನೇ ಸಲಕ್ಕೆ ಬಂತು. ಮೆಮೊರಿ ಕಾರ್ಡಲ್ಲೂ ಮೂರು ಓದ್ತಾ ಇವೆ. ಒಂದರಲ್ಲಿ ಟೂರ್ನಮೆಂಟ್ ಸೇವ್ ಇದೆ, ಸೆಮಿಫೈನಲ್ ತನಕ ಆಡಿ ಬಿಟ್ಟಿದಾರೆ, 2009ರದ್ದು. ಹಳೇಗೇಮ್ ಅವ್ರೇ, ಕರ್ಟನ್ ಕೇಳ್ದೆ. ನೀಲೀನೇ ಅಂತೆ.

ಹಳೇಗೇಮ್_ಹಾಸನ
ಅಕ್ಕ. ಸೆಮಿಫೈನಲ್ ಸೌತ್ ಆಫ್ರಿಕಾ ಮೇಲಾ? ಅವತ್ತು ಕರೆಂಟ್ ಹೋಯ್ತು, ಮಾರನೇ ವಾರದಿಂದ ಎಸ್ಸೆಸ್ಸೆಲ್ಸಿ ಅಂತ ಮನೇಲಿ ಬಿಡ್ಲಿಲ್ಲ, ಆಮೇಲೆ ಹೋದಾಗ ಯಾರೋ ಅಳಿಸಿರ್ತಾರೆ ಅಂತ ನಾನು ಕೇಳ್ಲೇ ಇಲ್ಲ.

ಹೇಮಾವತಿ_ದಡ
ಸೌತ್ ಆಫ್ರಿಕಾನೇ. ಅಳಿಸಿಲ್ಲ.

ಹಳೇಗೇಮ್_ಹಾಸನ
ಶನಿವಾರ ಅಂಗಡಿ ಮಧ್ಯಾಹ್ನ ಮುಚ್ತೀನಿ. ಅಮ್ಮನ ಮನೇಲಿ ಡಬ್ಬಾ ಟೀವಿ ಇದೆ, ಆಟೋದಲ್ಲಿ ಹಾಕ್ಕೊಂಡ್ ಬತ್ತೀನಿ, ಇಳಿಸೋಕೆ ಇಬ್ರು ಹುಡುಗ್ರನ್ನ ಗೇಟ್ ಹತ್ರ ನಿಲ್ಲಿಸಿರಿ.